ಇನ್‌ಫ್ರಾರೆಡ್ ಲೇಸರ್ ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳುವುದು ಹೇಗೆ? ಕ್ಲಾಸಲ್ಲಿ ಸಿಕ್ಕಿಹಾಕಿಕೊಂಡೆ

ಪಿಯು_ಮೇಷ್ಟ್ರು, ಹಾಸನ
ಭಾನುವಾರ, ಬೆಳಿಗ್ಗೆ 7:40

ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ವಾರ ದ್ಯುತಿವಿದ್ಯುತ್ ಪರಿಣಾಮದ ಪಾಠ. ಹದಿನೈದು ವರ್ಷದಿಂದ ಬರೆಯುತ್ತಿರುವ ಸಾಲನ್ನೇ ಬೋರ್ಡ್ ಮೇಲೆ ಬರೆದೆ: "ಆವೃತ್ತಿ ಸಾಲದಿದ್ದರೆ ಬೆಳಕನ್ನು ಎಷ್ಟೇ ಜೋರು ಮಾಡಿದರೂ ಎಲೆಕ್ಟ್ರಾನ್ ಹೊರಗೆ ಬರುವುದಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸಾರ್, 2023ರ ನೊಬೆಲ್ ಬಂತಲ್ಲ, ಅದರಲ್ಲಿ ಆರ್ಗಾನ್ ಗ್ಯಾಸಿಗೆ ಇನ್‌ಫ್ರಾರೆಡ್ ಲೇಸರ್ ಬಿಟ್ಟು ಎಲೆಕ್ಟ್ರಾನ್ ಕಿತ್ತರಂತೆ. ಇನ್‌ಫ್ರಾರೆಡ್‌ನ ಆವೃತ್ತಿ ಇನ್ನೂ ಕಮ್ಮಿ ಅಲ್ವಾ?"

"ಅದು ಬೇರೆ ವಿಷಯ, ಎಂಎಸ್ಸಿಯಲ್ಲಿ ಬರುತ್ತೆ" ಅಂತ ತೇಲಿಸಿಬಿಟ್ಟೆ. ಆದರೆ ನನ್ನ ಎಂಎಸ್ಸಿಯಲ್ಲಿ ಅದು ಬಂದೇ ಇರಲಿಲ್ಲ! ಮನೆಗೆ ಬಂದು ಲೆಕ್ಕ ಹಾಕಿದೆ. 800 ನ್ಯಾನೋಮೀಟರ್ ಬೆಳಕಿನ ಒಂದು ಫೋಟಾನ್‌ಗೆ, ಅಂದರೆ ಬೆಳಕಿನ ಒಂದು ತುಣುಕಿಗೆ, 1.55 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಆರ್ಗಾನ್‌ನಿಂದ ಒಂದು ಎಲೆಕ್ಟ್ರಾನ್ ಬಿಡಿಸಲು (ಅಯಾನೀಕರಣ ಅಂತಾರೆ) 15.76 ಬೇಕು. ಎಲ್ಲಿಂದ ಎಲ್ಲಿಗೆ?

ಲೇಸರ್ ಲ್ಯಾಬಿನಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಾ? ಶುಕ್ರವಾರ ಮತ್ತೆ ಅದೇ ಕ್ಲಾಸಿದೆ.

ಗೊರೂರು_ಗಾಳಿ
ಭಾನುವಾರ, 8:05

ಹತ್ತು ಹನ್ನೊಂದು ಫೋಟಾನ್ ಒಟ್ಟಿಗೆ ಹೊಡೆದರೆ ಆಯ್ತಲ್ಲ ಸಾರ್. ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ಹತ್ತು ಜನ ಸೇರಿ ತಳ್ಳಿದ ಹಾಗೆ.

ಪಿಯು_ಮೇಷ್ಟ್ರು
ಭಾನುವಾರ, 8:20

ಹಾಗಾದರೆ ಟಾರ್ಚ್ ಬೆಳಕಿನಲ್ಲೂ ಒಂದಲ್ಲ ಒಂದು ಸಲ ಹನ್ನೊಂದು ಒಟ್ಟಿಗೆ ಬರಬೇಕಲ್ಲಪ್ಪಾ?

ತೋಟದ_ದಾರಿ, ಮೂಡಿಗೆರೆ
ಭಾನುವಾರ, 9:30

ಮೇಷ್ಟ್ರೇ, ಆರು ವರ್ಷ ಇದೇ ಕೆಲಸ ಮಾಡಿದ್ದೆ. ಈಗ ಅಪ್ಪನ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಕಣದಲ್ಲಿ ಕಾಫಿ ಹರವಿ ಕಾವಲು ಕೂತಿದ್ದೇನೆ, ಬೇರೆ ಕೆಲಸ ಇಲ್ಲ, ಉದ್ದ ಬರೆಯುತ್ತೇನೆ.

ಗೊರೂರಿನವರು ಹೇಳಿದ್ದು ಅರ್ಧ ಸರಿ. ಹತ್ತು ಫೋಟಾನ್ ಅಂದರೆ 15.5, ಕೂದಲೆಳೆಯಲ್ಲಿ ತಪ್ಪುತ್ತದೆ. ಹನ್ನೊಂದು ಬೇಕು. ಒಂದು ಪರಮಾಣು ಎರಡು ಫೋಟಾನನ್ನು ಒಟ್ಟಿಗೆ ನುಂಗಬಹುದು ಅಂತ 1931ರಲ್ಲೇ ಮರಿಯಾ ಗೋಪರ್ಟ್ ಮಾಯರ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದ್ದರು. ಬರೀ ಕಾಗದದ ಮೇಲೆ. ಲೇಸರ್ ಬಂದದ್ದು 1960ರಲ್ಲಿ, ಆಮೇಲೇ ಅದು ಕಣ್ಣಿಗೆ ಕಂಡದ್ದು.

ಟಾರ್ಚಿನ ಪ್ರಶ್ನೆಗೆ ಬರೋಣ. ಹನ್ನೊಂದು ಒಟ್ಟಿಗೆ ಬೀಳುವ ಸಾಧ್ಯತೆ, ತೀವ್ರತೆಯ ಹನ್ನೊಂದನೇ ಘಾತದ ಲೆಕ್ಕದಲ್ಲಿ ಏರಿಳಿಯುತ್ತದೆ. ಬೆಳಕನ್ನು ಹತ್ತು ಪಟ್ಟು ಮಂಕು ಮಾಡಿದಿರೋ, ಸಾಧ್ಯತೆ ಹತ್ತು ಸಾವಿರ ಕೋಟಿ ಪಟ್ಟು ಇಳಿಯಿತು. ಜಾತ್ರೆಯಲ್ಲಿ ಮಾರುವ 5 ಮಿಲಿವ್ಯಾಟ್ ಲೇಸರ್ ಕಡ್ಡಿ ಒಂದು ಮಿಲಿಮೀಟರ್ ಚುಕ್ಕೆಗೆ ಕೊಡುವುದು ಚದರ ಸೆಂಟಿಮೀಟರಿಗೆ ಮುಕ್ಕಾಲು ವ್ಯಾಟಿಗಿಂತ ಕಮ್ಮಿ. ನಮಗೆ ಬೇಕಾದದ್ದು ಚದರ ಸೆಂಟಿಮೀಟರಿಗೆ ನೂರು ಲಕ್ಷ ಕೋಟಿ ವ್ಯಾಟ್. ಅಂದರೆ 1ರ ಮುಂದೆ 14 ಸೊನ್ನೆ. ಕಡ್ಡಿ ಹಿಡಿದು ವಿಶ್ವದ ವಯಸ್ಸಿನಷ್ಟು ಕಾದರೂ ಒಂದು ಎಲೆಕ್ಟ್ರಾನ್ ಬರಲ್ಲ. ಹಾಗಾಗಿ ನಿಮ್ಮ ಬೋರ್ಡಿನ ಸಾಲು ತಪ್ಪಲ್ಲ. ಅದು ಒಂದು ಸಲಕ್ಕೆ ಒಂದೇ ಫೋಟಾನ್ ನುಂಗುವ ಲೋಕದ ಸಾಲು. ನಾವು ಬದುಕುವುದೂ ಅಲ್ಲೇ.

ಅಷ್ಟು ವ್ಯಾಟ್ ಎಲ್ಲಿಂದ ತರುತ್ತೀರಿ, ಕೆಇಬಿಯವರು ಬಿಲ್ ಕಳಿಸಲ್ವಾ ಅಂತ ನಮ್ಮಪ್ಪ ಕೇಳಿದ್ದರು. ತಮಾಷೆ ಏನೆಂದರೆ ಶಕ್ತಿ ಏನೂ ಜಾಸ್ತಿ ಇಲ್ಲ. ನಮ್ಮ ಒಂದು ಪಲ್ಸ್‌ನಲ್ಲಿ, ಅಂದರೆ ಬೆಳಕಿನ ಒಂದು ಮಿಂಚಿನಲ್ಲಿ, 1 ಮಿಲಿಜೂಲ್ ಇರುತ್ತಿತ್ತು. ಈಗ ಕಣದಿಂದ ಒಂದು ಕಾಫಿ ಹಣ್ಣು ಎತ್ತಿಕೊಂಡೆ. ಒಂದೂವರೆ ಗ್ರಾಮ್ ಅಂತ ಇಟ್ಟುಕೊಳ್ಳಿ. ಅದನ್ನು ಏಳು ಸೆಂಟಿಮೀಟರ್ ಎತ್ತಿದರೆ 1 ಮಿಲಿಜೂಲ್ ಖರ್ಚು. ಅಷ್ಟೇ. ಆದರೆ ಅಷ್ಟನ್ನೂ 30 ಫೆಮ್ಟೋಸೆಕೆಂಡಿನಲ್ಲಿ (ಒಂದು ಫೆಮ್ಟೋ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲಿನಲ್ಲಿ ಒಂದು) ಸುರಿಯಬೇಕು. ಅಷ್ಟು ಹೊತ್ತಿನಲ್ಲಿ ಬೆಳಕೇ 9 ಮೈಕ್ರೋಮೀಟರ್ ದಾಟುತ್ತದೆ, ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಮ್ಮಿ. ಅದನ್ನು 50 ಮೈಕ್ರೋಮೀಟರಿನ ಚುಕ್ಕೆಗೆ ಕೂಡಿಸಿದರೆ 15 ಸೊನ್ನೆ ದಾಟಿಬಿಡುತ್ತದೆ. ನಾವೇ ಕಮ್ಮಿ ಮಾಡಿಕೊಳ್ಳಬೇಕಿತ್ತು.

ಇಂಥ ಪಲ್ಸ್ ಸೀದಾ ವರ್ಧಿಸಲು ಹೋದರೆ ಹರಳೇ ಸುಟ್ಟುಹೋಗುತ್ತದೆ. ಮೊದಲು ಉದ್ದಕ್ಕೆ ಎಳೆದು, ಆಮೇಲೆ ವರ್ಧಿಸಿ, ಕೊನೆಗೆ ಮತ್ತೆ ಕುಗ್ಗಿಸುವ ಉಪಾಯ 1985ರದ್ದು. ಡೊನ್ನಾ ಸ್ಟ್ರಿಕ್‌ಲ್ಯಾಂಡ್, ಜೆರಾರ್ ಮೂರು ಎಂಬಿಬ್ಬರದ್ದು. 2018ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು.

ಹೆಗ್ಗಣ ಕಾಣಿಸಿತು, ಆಮೇಲೆ ಬರುತ್ತೇನೆ.

ಬೇಲೂರು_ಬಸ್‌ಸ್ಟ್ಯಾಂಡ್
ಭಾನುವಾರ, 10:10

ಈ ಸಲ ಅರೇಬಿಕಾ ಎಷ್ಟಕ್ಕೆ ಹೋಗ್ತಿದೆ ಅಣ್ಣ?

ಮೇಲ್ವಿಚಾರಕ
ಭಾನುವಾರ, 11:00

ಕಾಫಿ ರೇಟಿನ ಏಳು ಪೋಸ್ಟುಗಳನ್ನು ಕೃಷಿ ವಿಭಾಗಕ್ಕೆ ಸಾಗಿಸಿದ್ದೇನೆ. ಇಲ್ಲಿ ಎಲೆಕ್ಟ್ರಾನ್ ಮಾತ್ರ ದಯವಿಟ್ಟು.

ತೋಟದ_ದಾರಿ
ಭಾನುವಾರ, ಮಧ್ಯಾಹ್ನ 12:15

ಮುಂದುವರಿಸುತ್ತೇನೆ. ಹನ್ನೊಂದು ಫೋಟಾನ್ ಅಂತ ಎಣಿಸುವುದು ಒಂದು ಬಗೆ. ಬೆಳಕು ತುಂಬಾ ಜೋರಾದಾಗ ಇನ್ನೊಂದು ಬಗೆಯೇ ಸಲೀಸು: ಫೋಟಾನ್ ಮರೆತುಬಿಡಿ, ಬೆಳಕನ್ನು ಅತ್ತಿಂದಿತ್ತ ತೂಗುವ ವಿದ್ಯುತ್ ಕ್ಷೇತ್ರ ಅಂತಲೇ ನೋಡಿ.

ನಾನು ಹೇಳಿದ ತೀವ್ರತೆಯಲ್ಲಿ ಆ ಕ್ಷೇತ್ರ ಒಂದು ಆಂಗ್‌ಸ್ಟ್ರಮ್ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು) ದೂರಕ್ಕೆ 2.7 ವೋಲ್ಟ್ ಇರುತ್ತದೆ. ಹೈಡ್ರೋಜನ್‌ನಲ್ಲಿ ನ್ಯೂಕ್ಲಿಯಸ್ ಎಲೆಕ್ಟ್ರಾನನ್ನು ಎಳೆಯುವ ಕ್ಷೇತ್ರದ ಹತ್ತೊಂಬತ್ತರಲ್ಲಿ ಒಂದು ಪಾಲು. ಹೊರಗಿನ ಕೈಯೊಂದು ಪರಮಾಣುವಿನ ಮನೆಗೇ ಬಂದು ಇಷ್ಟು ಎಳೆಯುವುದು ಸಣ್ಣ ಮಾತಲ್ಲ.

ಕೆರೆ ನೆನಪಿಸಿಕೊಳ್ಳಿ. ಎಲೆಕ್ಟ್ರಾನ್ ನೀರು, ನ್ಯೂಕ್ಲಿಯಸ್‌ನ ಸೆಳೆತ ಏರಿ. ಲೇಸರ್ ಕ್ಷೇತ್ರ ಬಂದು ಏರಿಯ ಒಂದು ಕಡೆಯನ್ನು ಬಗ್ಗಿಸಿ ತೆಳು ಮಾಡುತ್ತದೆ. ನೀರು ಏರಿ ಹತ್ತಿ ಹೋಗುವುದಿಲ್ಲ, ತೆಳುವಾದ ಕಡೆ ಜಿನುಗುತ್ತದೆ. ಇದೇ ಸುರಂಗ ಹೊಡೆಯುವುದು ಅಂತಾರಲ್ಲ, ಅದು. ಅರ್ಧ ಆವರ್ತನಕ್ಕೊಮ್ಮೆ, ಅಂದರೆ 1.33 ಫೆಮ್ಟೋಸೆಕೆಂಡಿಗೆ, ತೆಳುವಾಗುವ ಕಡೆ ಬದಲಾಗುತ್ತದೆ. ಎಡಕ್ಕೊಂದು ಜಿನುಗು, ಬಲಕ್ಕೊಂದು ಜಿನುಗು.

1964ರಲ್ಲಿ ರಷ್ಯಾದ ಕೆಲ್ದಿಷ್, ಫೋಟಾನ್ ಎಣಿಸುವುದೂ ಸುರಂಗವೂ ಒಂದೇ ಸೂತ್ರದ ಎರಡು ತುದಿ ಅಂತ ತೋರಿಸಿದರು. ಒಂದು ಅನುಪಾತ ಇದೆ. ಅದು 1ಕ್ಕಿಂತ ತುಂಬಾ ಜಾಸ್ತಿ ಇದ್ದರೆ ಫೋಟಾನ್ ಎಣಿಸಿ, ತುಂಬಾ ಕಮ್ಮಿ ಇದ್ದರೆ ಸುರಂಗ. ನಮ್ಮ ಆರ್ಗಾನ್ ಲೆಕ್ಕಕ್ಕೆ 1.15 ಬರುತ್ತದೆ. ಸರಿಯಾಗಿ ನಡುಮಧ್ಯೆ! ಪ್ರಕೃತಿಗೆ ನಮ್ಮ ಬೋರ್ಡಿನ ಗೆರೆ ಗೊತ್ತಿಲ್ಲ.

ಗೊರೂರು_ಗಾಳಿ
ಭಾನುವಾರ, 12:40

ಬೇಕಾದಾಗ ಫೋಟಾನ್, ಬೇಡವಾದಾಗ ಅಲೆ. ಇದು ಜಾಣತನವೋ ವಿಜ್ಞಾನವೋ?

ತೋಟದ_ದಾರಿ
ಭಾನುವಾರ, 12:55

ಎರಡೂ. ಆದರೆ ಫೋಟಾನ್ ಗುರುತು ಅಳಿಸಿಹೋಗಲ್ಲ. 1979ರಲ್ಲಿ ಫ್ರಾನ್ಸಿನ ಸ್ಯಾಕ್ಲೇಯಲ್ಲಿ ಪಿಯರ್ ಅಗೋಸ್ಟಿನಿ ತಂಡ ಕ್ಸೆನಾನ್‌ಗೆ ಹಸಿರು ಲೇಸರ್ ಬಿಟ್ಟಿತು. ಆರು ಫೋಟಾನ್ ಸಾಕಿತ್ತು. ಹೊರಗೆ ಬಂದ ಎಲೆಕ್ಟ್ರಾನ್‌ಗಳ ಶಕ್ತಿ ಅಳೆದರೆ, ಕೆಲವು ಏಳನೆಯದನ್ನೂ ನುಂಗಿದ್ದವು. ಊಟ ಮುಗಿದ ಮೇಲೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡ ಹಾಗೆ. ಆಮೇಲೆ ಬೇರೆ ಪ್ರಯೋಗಗಳಲ್ಲಿ ಇಂಥ ಶಿಖರಗಳು ಸಾಲಾಗಿ ಕಂಡವು, ಒಂದಕ್ಕೊಂದು ಸರಿಯಾಗಿ ಒಂದು ಫೋಟಾನ್ ಅಂತರ.

ಡಿಶ್_ಅಣ್ಣ, ಹಾಸನ
ಭಾನುವಾರ, ಸಂಜೆ 6:30

ಇಪ್ಪತ್ತು ವರ್ಷ ಡಿಶ್ ಕೂರಿಸಿದವನು ನಾನು. ಉಪಗ್ರಹ ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಇರುವ ಊರು ನಮ್ಮದು, ಆದರೂ ಪೋಲರೈಸೇಶನ್ ಅಂದರೆ ಜನ ಕಣ್ಣುಬಿಡುತ್ತಾರೆ. ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) 13 ವೋಲ್ಟ್ ಕೊಟ್ಟರೆ ಲಂಬವಾಗಿ ತೂಗುವ ಸಿಗ್ನಲ್ ಹಿಡಿಯುತ್ತದೆ, 18 ಕೊಟ್ಟರೆ ಅಡ್ಡಕ್ಕೆ ತೂಗುವುದು. ಸರಿಯಾಗಿ ತಿರುಚಿ ಕೂರಿಸದಿದ್ದರೆ ಚಾನೆಲ್ ಚುಕ್ಕಿ ಚುಕ್ಕಿ.

ಲೇಸರಿನಲ್ಲೂ ಅದೇ ಪೋಲರೈಸೇಶನ್ನಾ? ಪರಮಾಣುವಿಗೆ ಎಲ್‌ಎನ್‌ಬಿ ಇರುತ್ತಾ?

ತೋಟದ_ದಾರಿ
ಭಾನುವಾರ, ರಾತ್ರಿ 8:10

ಡಿಶ್ ಅಣ್ಣ, ಈ ಚರ್ಚೆಯಲ್ಲೇ ಒಳ್ಳೆ ಪ್ರಶ್ನೆ ಇದು. ನಿಮ್ಮದು ರೇಡಿಯೋ ಅಲೆ, ನಮ್ಮದು ಬೆಳಕು, ಒಂದೇ ಜಾತಿ. ಕ್ಷೇತ್ರ ಒಂದೇ ಗೆರೆಯಲ್ಲಿ ತೂಗಿದರೆ ರೇಖೀಯ ಧ್ರುವೀಕರಣ. ಹಗ್ಗದ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದ ಹಾಗೆ. ಮಕ್ಕಳು ಹಗ್ಗದಾಟಕ್ಕೆ ತಿರುವುತ್ತಾರಲ್ಲ, ಹಾಗೆ ಸುತ್ತಿದರೆ ವೃತ್ತೀಯ.

ಪರಮಾಣುವಿಗೆ ಎಲ್‌ಎನ್‌ಬಿ ಇಲ್ಲ, ಆದರೆ ಹೊರಗೆ ಬಂದ ಎಲೆಕ್ಟ್ರಾನ್‌ನ ಹಣೆಬರಹ ಪೂರ್ತಿ ಇದರ ಮೇಲೆ.

ಮೊದಲು ರೇಖೀಯ. ಎಲೆಕ್ಟ್ರಾನ್ ಜಿನುಗಿ ಹೊರಗೆ ಬಂತು. ಕ್ಷೇತ್ರ ಅದನ್ನು ದೂರ ತಳ್ಳುತ್ತದೆ. ಅಷ್ಟರಲ್ಲಿ ಕ್ಷೇತ್ರ ತಿರುಗುಮುರುಗು. ಎಲೆಕ್ಟ್ರಾನ್ ನಿಧಾನವಾಗಿ, ನಿಂತು, ವಾಪಸ್ ಹೊರಡುತ್ತದೆ. ಸೀದಾ ತಾನು ಬಿಟ್ಟುಬಂದ ಮನೆಯ ಬಾಗಿಲಿಗೆ. ಹೋಗಿ ಬರುವ ದೂರ ಒಂದೆರಡು ನ್ಯಾನೋಮೀಟರ್, ಅಂದರೆ ಪರಮಾಣುವಿಗಿಂತ ಎಷ್ಟೋ ದೊಡ್ಡದು. ಎಲ್ಲ ಎಲೆಕ್ಟ್ರಾನೂ ಬರಲ್ಲ. ಕ್ಷೇತ್ರ ಇನ್ನೂ ಏರುತ್ತಿರುವಾಗ ಹುಟ್ಟಿದವು ಹೋದವು ಹೋದವೇ. ಶಿಖರ ದಾಟಿದ ಮೇಲೆ ಹುಟ್ಟಿದವು ಮಾತ್ರ ಮರಳುತ್ತವೆ. ಒಂದು ಪೂರ್ತಿ ಆವರ್ತನ 360 ಡಿಗ್ರಿ ಅಂತಿಟ್ಟುಕೊಂಡರೆ, ಶಿಖರ ದಾಟಿ ಸುಮಾರು 18 ಡಿಗ್ರಿಗೆ ಹುಟ್ಟಿದ್ದು ಎಲ್ಲಕ್ಕಿಂತ ಜೋರಾಗಿ ಬಂದು ಗುದ್ದುತ್ತದೆ.

ಎಷ್ಟು ಜೋರು? ಬೆಳಕಿನಲ್ಲಿ ತೂಗಾಡುವ ಎಲೆಕ್ಟ್ರಾನ್‌ನ ಸರಾಸರಿ ಶಕ್ತಿಗೆ ಪಾಂಡರೋಮೋಟಿವ್ ಶಕ್ತಿ ಅಂತಾರೆ. ನಾವು ತೂಗುಶಕ್ತಿ ಅನ್ನೋಣ. ನಮ್ಮ ಲೆಕ್ಕದಲ್ಲಿ 6 ಎಲೆಕ್ಟ್ರಾನ್ ವೋಲ್ಟ್. ಮರಳುವ ಗುದ್ದು ಹೆಚ್ಚೆಂದರೆ ಅದರ 3.17 ಪಟ್ಟು, ಅಂದರೆ 19.

ಗುದ್ದಿದ ಮೇಲೆ ಮೂರರಲ್ಲಿ ಒಂದು. ಮನೆಯೊಳಗೆ ಹೋಗಿ ಕೂತುಬಿಟ್ಟರೆ, ತಂದ ಶಕ್ತಿಯನ್ನೆಲ್ಲ ಒಂದೇ ಫೋಟಾನ್ ಮಾಡಿ ಉಗುಳುತ್ತದೆ. ಆರ್ಗಾನ್‌ಗೆ 15.76 ಮತ್ತು 19 ಸೇರಿ ಸುಮಾರು 35. ಇನ್‌ಫ್ರಾರೆಡ್ ಕೊಟ್ಟು ನೇರಳೆಯಾಚೆಯ ಬೆಳಕು ವಸೂಲಿ! ಆನ್ ಲೂಲಿಯೇ ತಂಡ 1987ರಲ್ಲಿ ಕಂಡದ್ದು ಈ ಬೆಳಕನ್ನೇ. ಅದರಿಂದಲೇ ಅಟ್ಟೋಸೆಕೆಂಡ್ (ಫೆಮ್ಟೋಸೆಕೆಂಡಿನ ಸಾವಿರದಲ್ಲೊಂದು ಪಾಲು) ಪಲ್ಸ್, ಅದರಿಂದಲೇ 2023ರಲ್ಲಿ ಅವರಿಗೆ, ಅಗೋಸ್ಟಿನಿಗೆ ಮತ್ತು ಫೆರೆನ್ಸ್ ಕ್ರೌಸ್‌ಗೆ ನೊಬೆಲ್.

ಎರಡನೆಯದು, ಗೋಡೆಗೆ ಹೊಡೆದ ಚೆಂಡಿನಂತೆ ಚದುರುವುದು. ಸೀದಾ ಹಿಂದಕ್ಕೆ ಪುಟಿದರೆ, ಅದೇ ಹೊತ್ತಿಗೆ ಕ್ಷೇತ್ರವೂ ತಿರುಗಿ ಇನ್ನೊಂದು ಒದೆ ಕೊಡುತ್ತದೆ. ತೂಗುಶಕ್ತಿಯ 10 ಪಟ್ಟಿನವರೆಗೂ ಹೋಗುತ್ತದೆ, ಅಂದರೆ 60. ಮನೆಗೆ ಗುದ್ದದೆ ಹೊರಟುಹೋದವಕ್ಕೆ ಎರಡೇ ಪಟ್ಟು, 12. ಮೂರನೆಯದು, ಮನೆಯಲ್ಲಿದ್ದ ಇನ್ನೊಂದು ಎಲೆಕ್ಟ್ರಾನನ್ನೂ ಎಬ್ಬಿಸಿಕೊಂಡು ಹೋಗುವುದು. ಹೀಲಿಯಂನಲ್ಲಿ ಎರಡೂ ಎಲೆಕ್ಟ್ರಾನ್ ಹೋದ ಅಯಾನುಗಳು, ಒಂದೊಂದಾಗಿ ಕಿತ್ತರೆ ಬರಬೇಕಾದ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಸಿಕ್ಕವು. ಗ್ರಾಫಿನಲ್ಲಿ ಮಡಿಸಿದ ಮೊಣಕಾಲಿನ ಹಾಗೆ ಒಂದು ಉಬ್ಬು. ಹೆಸರೂ ಮೊಣಕಾಲು ಅಂತಲೇ.

ಹೊರಗೆ, ವಾಪಸ್, ಗುದ್ದು. ಈ ಮೂರು ಹೆಜ್ಜೆಯ ಚಿತ್ರವನ್ನು 1993ರಲ್ಲಿ ಪಾಲ್ ಕೋರ್ಕಮ್ ಬರೆದರು. ಕುಲಾಂಡರ್ ಗುಂಪೂ ಅದೇ ಹೊತ್ತಿಗೆ ಅಲ್ಲಿಗೇ ಬಂದಿತ್ತು.

ಬೇಲೂರು_ಬಸ್‌ಸ್ಟ್ಯಾಂಡ್
ಭಾನುವಾರ, ರಾತ್ರಿ 9:00

ವೃತ್ತೀಯ ಹಾಕಿದರೆ?

ಗೊರೂರು_ಗಾಳಿ
ಭಾನುವಾರ, ರಾತ್ರಿ 9:05

ಶಕ್ತಿ ಎರಡು ದಿಕ್ಕಿಗೆ ಹಂಚಿಹೋಗುತ್ತೆ, ಅದಕ್ಕೆ ಎಳೆಯೋಕೆ ಬಲ ಸಾಲದೆ ಎಲೆಕ್ಟ್ರಾನ್ ವಾಪಸ್ ಬರಲ್ಲ ಅನ್ಸುತ್ತೆ.

ತೋಟದ_ದಾರಿ
ಸೋಮವಾರ, ಬೆಳಿಗ್ಗೆ 6:50

ವಾಪಸ್ ಬರಲ್ಲ, ಸರಿ. ಕಾರಣ ಅದಲ್ಲ ಗೊರೂರಣ್ಣ. ಅಷ್ಟೇ ತೀವ್ರತೆಗೆ ಕ್ಷೇತ್ರದ ಶಿಖರ ಸ್ವಲ್ಪ ತಗ್ಗುತ್ತದೆ, ನಿಜ. ಎರಡು ಪಟ್ಟು ತೀವ್ರತೆ ಕೊಟ್ಟು ಅದನ್ನು ಸರಿದೂಗಿಸಿ ನೋಡಿ, ಆಗಲೂ ಬರಲ್ಲ. ಎಲೆಕ್ಟ್ರಾನ್ ಹೊರಟ ಮೇಲೆ ಕ್ಷೇತ್ರ ಬರೀ ಹಿಂದಕ್ಕೆ ತಿರುಗುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಪಕ್ಕಕ್ಕೆ ಒಮ್ಮೆ ಸಿಕ್ಕಿದ ವೇಗ ಹೋಗುವುದೇ ಇಲ್ಲ. ಮನೆ ತಪ್ಪಿತು, ಅಷ್ಟೇ.

ಇದನ್ನು ಕಣ್ಣಾರೆ ನೋಡಿದ ದಿನ ಮರೆಯಲ್ಲ. ಲೇಸರಿನ ದಾರಿಯಲ್ಲಿ ಕಾಲು ತರಂಗ ಫಲಕ ಅಂತ ಗಾಜಿನಂಥ ಒಂದು ಹರಳಿನ ಬಿಲ್ಲೆ, ರೂಪಾಯಿ ನಾಣ್ಯದಷ್ಟು ಅಗಲ. ಅದನ್ನು ತಿರುಗಿಸಿದರೆ ರೇಖೀಯ ಬೆಳಕು ಅಂಡಾಕಾರ ಆಗುತ್ತಾ 45 ಡಿಗ್ರಿಗೆ ಪೂರ್ತಿ ವೃತ್ತ. ಕತ್ತಲ ಕೋಣೆ. ನಾನು ಬೆರಳಲ್ಲಿ ಬಿಲ್ಲೆಯ ಉಂಗುರ ತಿರುಗಿಸುತ್ತಿದ್ದೆ, ಗೆಳೆಯ ಸ್ಕ್ರೀನ್ ನೋಡಿ ಕೂಗುತ್ತಿದ್ದ. ಐದು ಡಿಗ್ರಿ, "ಇದೆ ಇದೆ". ಹತ್ತು, "ಬೀಳ್ತಿದೆ". ಹದಿನೈದರ ಹೊತ್ತಿಗೆ ಆ ನೇರಳೆಯಾಚೆಯ ಬೆಳಕಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಮಾಯ. 45ಕ್ಕೆ ಏನೂ ಇಲ್ಲ. ಲೇಸರ್ ಅಷ್ಟೇ ಇದೆ, ಗ್ಯಾಸ್ ಅಷ್ಟೇ ಇದೆ, ತೂಗುವ ಬಗೆ ಮಾತ್ರ ಬದಲು.

ಒಮ್ಮೆಲೇ ನಿಲ್ಲದೆ ಮೆಲ್ಲಗೆ ಬಿದ್ದದ್ದು ಯಾಕೆ? ಎಲೆಕ್ಟ್ರಾನ್ ಗೋಲಿಯಲ್ಲ, ಅಲೆ. ಹೋಗಿ ಬರುವಷ್ಟರಲ್ಲಿ ಅಡ್ಡಕ್ಕೆ ಹರಡಿರುತ್ತದೆ. ಸ್ವಲ್ಪ ಗುರಿ ತಪ್ಪಿದರೂ ಅಂಚು ತಾಗುತ್ತದೆ.

ವೃತ್ತೀಯದಲ್ಲಿ ಹೊರಬಿದ್ದ ಎಲೆಕ್ಟ್ರಾನ್‌ಗಳ ಚಿತ್ರ ನೋಡಲು ಉದ್ದಿನ ವಡೆ. ನಡುವೆ ತೂತು, ಯಾಕೆಂದರೆ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ವೇಗ, ನಿಧಾನದವು ಇಲ್ಲವೇ ಇಲ್ಲ. ವಡೆಯ ಯಾವ ದಿಕ್ಕಿಗೆ ಬಿತ್ತು ಅನ್ನುವುದು ಯಾವ ಕ್ಷಣ ಹುಟ್ಟಿತು ಅಂತ ಹೇಳುತ್ತದೆ. ಕ್ಷೇತ್ರ ಒಂದು ಸುತ್ತು ಬರಲು 2.67 ಫೆಮ್ಟೋಸೆಕೆಂಡ್. 360ರಿಂದ ಭಾಗಿಸಿ. ಒಂದು ಡಿಗ್ರಿಗೆ 7.4 ಅಟ್ಟೋಸೆಕೆಂಡ್! ಜ್ಯೂರಿಕ್‌ನವರು 2008ರಲ್ಲಿ ಇದನ್ನೇ ಗಡಿಯಾರ ಮಾಡಿ, ಸುರಂಗ ದಾಟಲು ಎಲೆಕ್ಟ್ರಾನ್‌ಗೆ ಎಷ್ಟು ಹೊತ್ತು ಬೇಕು ಅಂತ ಅಳೆಯಲು ಹೊರಟರು. ಆ ಉತ್ತರದ ಬಗ್ಗೆ ಜಗಳ ಇನ್ನೂ ನಿಂತಿಲ್ಲ.

ಒಂದು ತಕರಾರು ನಾನೇ ಹಾಕಿಬಿಡುತ್ತೇನೆ. ವೃತ್ತೀಯದಲ್ಲಿ ಮರಳುವುದೇ ಇಲ್ಲ ಅನ್ನುವುದಕ್ಕೆ ಮೆಗ್ನೀಸಿಯಂ ಅಪವಾದ. 2001ರಲ್ಲಿ ಅದರಲ್ಲಿ ವೃತ್ತೀಯ ಬೆಳಕಿನಲ್ಲೂ ಮೊಣಕಾಲು ಕಂಡಿದೆ.

ಕಡೂರು_ಕೊಬ್ಬರಿ
ಸೋಮವಾರ, 10:20

ನನ್ನದು ಮನೆ ಮಾತು. ಅಜ್ಜಿಗೆ ಪೊರೆ ಆಪರೇಷನ್ ಆಗಿ ಎರಡು ವರ್ಷಕ್ಕೆ ಮತ್ತೆ ಕಣ್ಣು ಮಂಜು. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ, ಯಾಗ್ ಲೇಸರ್ ಹಾಕಿದರು, ಐದು ನಿಮಿಷ. ಹೊರಗೆ ಬಂದು ಅಜ್ಜಿ ಹೇಳಿದ್ದು: "ನೋವೇನಿಲ್ಲ ಕಣೇ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಕಣ್ಣೊಳಗೆ ಚಟ್ ಚಟ್ ಅಂತಿತ್ತು." ಅದೂ ಇದೇನಾ? ಇನ್‌ಫ್ರಾರೆಡ್ ಅಂತಲೇ ಅಂದಿದ್ದರು.

ತೋಟದ_ದಾರಿ
ಸೋಮವಾರ, 1:30

ಅಕ್ಕ, ಹತ್ತಿರದ ಸಂಬಂಧಿ. 1064 ನ್ಯಾನೋಮೀಟರ್, ಒಂದೆರಡು ಮಿಲಿಜೂಲ್, ಕೆಲವೇ ನ್ಯಾನೋಸೆಕೆಂಡ್. ಅಲ್ಲೂ ಒಂದು ಫೋಟಾನ್‌ಗೆ ಏನೂ ಮಾಡಲಾಗದು, ಬರೀ 1.17 ಎಲೆಕ್ಟ್ರಾನ್ ವೋಲ್ಟ್. ಆದರೆ ಗುರಿಯ ಬಿಂದುವಿನಲ್ಲಿ ಒಂದೆರಡು ಎಲೆಕ್ಟ್ರಾನ್ ಬಿಡಿಯಾದರೆ ಸಾಕು. ಅವು ಅಕ್ಕಪಕ್ಕದ ಅಣುಗಳಿಗೆ ಗುದ್ದಿ ಚದುರುತ್ತಾ ಬೆಳಕಿನಿಂದ ಶಕ್ತಿ ಕುಡಿಯುತ್ತವೆ. ಕೊಬ್ಬಿದ ಮೇಲೆ ಇನ್ನೊಂದನ್ನು ಕೀಳುತ್ತವೆ. ಒಂದು ಎರಡು, ಎರಡು ನಾಲ್ಕು. ಕಣ್ಣು ಮಿಟುಕಿಸುವ ಮೊದಲೇ ಅಲ್ಲೊಂದು ಪುಟಾಣಿ ಪ್ಲಾಸ್ಮಾ (ಬಿಡಿ ಎಲೆಕ್ಟ್ರಾನ್ ತುಂಬಿದ ಕಾದ ಅನಿಲ), ಅದು ಹಿಗ್ಗಿದಾಗ ಸಣ್ಣ ಆಘಾತ ಅಲೆ. ಅಜ್ಜಿ ಕೇಳಿದ ಸಾಸಿವೆ ಅದು. ಮಂಜಾದ ಪೊರೆ ಹರಿಯುವುದೂ ಅದರಿಂದಲೇ.

"ಗುದ್ದಿ ಚದುರುತ್ತಾ" ಅಂದದ್ದು ಸುಮ್ನೆ ಅಲ್ಲ. ಒಂಟಿ ಎಲೆಕ್ಟ್ರಾನ್ ಫೋಟಾನ್ ನುಂಗಿ ಉಳಿಸಿಕೊಳ್ಳಲಾರದು, ಶಕ್ತಿ ಸಂವೇಗ ಎರಡರ ಲೆಕ್ಕವೂ ಒಟ್ಟಿಗೆ ಕೂಡಿಬರಲ್ಲ. ಪಕ್ಕದಲ್ಲಿ ತಳ್ಳಿಸಿಕೊಳ್ಳಲು ಇನ್ನೊಂದು ಪರಮಾಣು ಬೇಕು. 1977ರಲ್ಲಿ ಇದನ್ನು ನೇರ ತೋರಿಸಿದರು. ಆರ್ಗಾನ್‌ಗೆ ಎಲೆಕ್ಟ್ರಾನ್ ಹೊಡೆದು, ಅದೇ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಿಟ್ಟರು. ಚದುರಿದ ಎಲೆಕ್ಟ್ರಾನ್‌ಗಳ ಶಕ್ತಿ ಒಂದು ಫೋಟಾನ್, ಎರಡು ಫೋಟಾನ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೂ ಹೋಗಿತ್ತು, ಕೆಳಕ್ಕೂ ಇಳಿದಿತ್ತು.

ಬೇಲೂರು_ಬಸ್‌ಸ್ಟ್ಯಾಂಡ್
ಸೋಮವಾರ, 2:00

ಮೇಷ್ಟ್ರೇ, ಕ್ಲಾಸಿಗೆ ಒಂದು ಐಡಿಯಾ. ಫ್ಯಾನ್ ಕೊಕ್ಕೆಗೆ ದಾರ ಕಟ್ಟಿ ಒಂದು ಅಡಿಕೆ ನೇತುಹಾಕಿ. ಕೆಳಗೆ ಮೇಜಿನ ಮೇಲೆ ಇನ್ನೊಂದು ಅಡಿಕೆ ನಿಲ್ಲಿಸಿ, ತಾಗಿಯೂ ತಾಗದ ಹಾಗೆ. ನೇರ ಎಳೆದು ಬಿಟ್ಟರೆ ಬಂದು ಗುದ್ದುತ್ತೆ. ಬಿಡುವಾಗ ಪಕ್ಕಕ್ಕೆ ಸ್ವಲ್ಪ ತಳ್ಳಿದರೆ ಸುತ್ತು ಹಾಕುತ್ತೆ, ಗುದ್ದಲ್ಲ.

ತೋಟದ_ದಾರಿ
ಸೋಮವಾರ, 2:25

ಚೆನ್ನಾಗಿದೆ, ಮಾಡಿ. ಒಂದು ಎಚ್ಚರ ಹೇಳಿಬಿಡಿ: ದಾರದ ಅಡಿಕೆಯನ್ನು ನಡುವಿಗೆ ಎಳೆಯುವುದು ಭೂಮಿ. ಎಲೆಕ್ಟ್ರಾನನ್ನು ಅಷ್ಟು ದೂರದಿಂದ ವಾಪಸ್ ತರುವುದು ಮುಖ್ಯವಾಗಿ ಲೇಸರ್, ನ್ಯೂಕ್ಲಿಯಸ್ ಅಲ್ಲ. ಆ ಹುಡುಗಿ ಇದನ್ನು ಕೇಳಿಯೇ ಕೇಳುತ್ತಾಳೆ ನೋಡಿ.

ಅವಳು ಮುಂದೆ ಓದಬೇಕು ಅಂದರೆ ಮುಂಬೈನ ಟಿಐಎಫ್‌ಆರ್, ಅಹಮದಾಬಾದಿನ ಪಿಆರ್‌ಎಲ್, ಇಂದೋರಿನ ರಾಜಾ ರಾಮಣ್ಣ ಕೇಂದ್ರ, ಈ ಸಂಶೋಧನಾ ಸಂಸ್ಥೆಗಳನ್ನು ನೋಡಲಿ. ಪರಮಾಣು ವಿಜ್ಞಾನಿ ರಾಮಣ್ಣ ನಮ್ಮ ತಿಪಟೂರಿನಲ್ಲಿ ಹುಟ್ಟಿದವರು, ಅದನ್ನೂ ಹೇಳಿ.

ಪಿಯು_ಮೇಷ್ಟ್ರು
ಶುಕ್ರವಾರ, ಸಂಜೆ 5:10

ಮಾಡಿದೆ. ಮೊದಲ ಸಲ ಯಾರೋ ಫ್ಯಾನ್ ಸ್ವಿಚ್ ಹಾಕಿಬಿಟ್ಟರು, ದಾರ ಸುತ್ತಿಕೊಂಡು ಅಡಿಕೆ ಕಿಟಕಿಗೆ ಹೋಯಿತು. "ಸಾರ್, ಅಯಾನೀಕರಣ!" ಅಂತ ಹುಡುಗರ ಕೂಗು. ಎರಡನೇ ಸಲ ಸರಿಯಾಯಿತು. ನೇರ ಬಿಟ್ಟಾಗ ಟಕ್ ಅಂತ ಕೆಳಗಿನ ಅಡಿಕೆ ಉರುಳಿತು. ಪಕ್ಕಕ್ಕೆ ತಳ್ಳಿ ಬಿಟ್ಟಾಗ ಹತ್ತಾರು ಸುತ್ತು ಬಂದರೂ ತಾಗಲಿಲ್ಲ. ಆಮೇಲೆ ಸುತ್ತು ಸಣ್ಣದಾಗುತ್ತಾ ಬಂದು ತಾಗಿಬಿಟ್ಟಿತು. ಗಾಳಿಯ ತಡೆ, ನಿಮ್ಮ ಲ್ಯಾಬಿನಲ್ಲಿ ಅದಿಲ್ಲ ಅಂತ ಹೇಳಿ ಪಾರಾದೆ. ನೀವು ಹೇಳಿದ ಪ್ರಶ್ನೆಯನ್ನೂ ಅವಳು ಕೇಳಿದಳು.

ಬೋರ್ಡಿನ ಹಳೇ ಸಾಲನ್ನು ಅಳಿಸಲಿಲ್ಲ. ಮುಂದೆ ಐದು ಪದ ಸೇರಿಸಿದೆ: "ಒಂದು ಸಲಕ್ಕೆ ಒಂದೇ ಫೋಟಾನ್ ನುಂಗುವುದಾದರೆ, ..." ಅವಳು ಬರೆದುಕೊಂಡು ಕೇಳಿದಳು, "ಪರೀಕ್ಷೆಯಲ್ಲಿ ಇದನ್ನೂ ಸೇರಿಸಿ ಬರೀಬೇಕಾ ಸಾರ್?"

ಡಿಶ್_ಅಣ್ಣ
ಶುಕ್ರವಾರ, ಸಂಜೆ 5:30

ಬೇಡ ಅನ್ನಿ ಸಾರ್. ಪೇಪರ್ ತಿದ್ದುವವರು ಈ ಚರ್ಚೆ ಓದಿರಲ್ಲ.